ಪುಸ್ತಕ ಕಳಿಸುವುದು, ಪುಸ್ತಕ ಹುಟ್ಟಿಸುವುದು: ಆಸ್ಟ್ರೇಲಿಯಾದ ಮೂಲನಿವಾಸಿ ಮಕ್ಕಳ ಓದಿನ ಪ್ರಶ್ನೆ

ಮಕ್ಕಳ ಸಾಹಿತ್ಯಕ್ಕೆ ಜಗತ್ತಿನಲ್ಲಿ ಸಿಗುವ ಅತಿ ದೊಡ್ಡ ಮೊತ್ತದ ಗೌರವ ಸ್ವೀಡನ್ ಸರ್ಕಾರ ಕೊಡುವ ಆಸ್ಟ್ರಿಡ್ ಲಿಂಡ್‌ಗ್ರೆನ್ ಸ್ಮಾರಕ ಪ್ರಶಸ್ತಿ. ಅದರ ಮೊತ್ತ 50 ಲಕ್ಷ ಸ್ವೀಡಿಷ್ ಕ್ರೋನಾ, 2024ರ ವಿನಿಮಯ ದರದಲ್ಲಿ ಸುಮಾರು 4 ಕೋಟಿ ರೂಪಾಯಿ. 2024ರಲ್ಲಿ ಅದು ಯಾವ ಲೇಖಕರಿಗೂ ಹೋಗಲಿಲ್ಲ, ಆಸ್ಟ್ರೇಲಿಯಾದ ‘ಇಂಡಿಜಿನಸ್ ಲಿಟರಸಿ ಫೌಂಡೇಶನ್’ ಎಂಬ ಸಂಸ್ಥೆಗೆ ಸಂದಿತು. ಬ್ರಿಸ್ಬೇನ್ ನಗರದ ಪುಸ್ತಕದಂಗಡಿಯೊಂದರಿಂದ 2004ರಲ್ಲಿ ಶುರುವಾದ ಓದಿನ ಅಭಿಯಾನವೇ ಬೆಳೆದು 2011ರಲ್ಲಿ ಈ ಪ್ರತಿಷ್ಠಾನವಾಯಿತು. ದೂರದ ಮೂಲನಿವಾಸಿ ಊರುಗಳ ಮಕ್ಕಳಿಗೆ ಅದು ಉಚಿತವಾಗಿ ಪುಸ್ತಕ ಕಳಿಸುತ್ತದೆ, ಇನ್ನೂ ಶಾಲೆಗೆ ಸೇರದ ಕಂದಮ್ಮಗಳ ಕೈಗೂ ಪುಸ್ತಕ ಕೊಡುತ್ತದೆ. ಜೊತೆಗೆ ಆ ಊರುಗಳವರೇ ಹೇಳಿ, ಬರೆದು, ಚಿತ್ರ ಬಿಡಿಸಿದ ಕಥೆಗಳನ್ನು ಅವರದೇ ಭಾಷೆಗಳಲ್ಲಿ ಅಚ್ಚು ಹಾಕಿಸುತ್ತದೆ.

ಪ್ರಶಸ್ತಿಯ ಸುದ್ದಿ ಓದಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಕಳಿಸಿದ ಪುಸ್ತಕಗಳು. ನನ್ನ ಗಮನವನ್ನು ಹೆಚ್ಚು ಹಿಡಿದದ್ದು ಕೊನೆಯ ಕೆಲಸ, ಅಂದರೆ ಊರಿನ ಭಾಷೆಯಲ್ಲಿ ಊರಿನವರಿಂದಲೇ ಪುಸ್ತಕ ಹುಟ್ಟಿಸುವ ಕೆಲಸ. ಅದು ಈ ಸಂಸ್ಥೆ ಕಂಡುಹಿಡಿದದ್ದಲ್ಲ. ಐವತ್ತು ವರ್ಷಗಳ ಹಿಂದೆ ಅಲ್ಲಿನ ಸರ್ಕಾರವೇ ಅದನ್ನು ಶಾಲೆಯ ಅಂಗವಾಗಿ ಮಾಡುತ್ತಿತ್ತು. ಆಮೇಲೆ ಸರ್ಕಾರವೇ ಅದರ ಬೆನ್ನೆಲುಬು ಮುರಿಯಿತು. ಮಕ್ಕಳ ಸಾಕ್ಷರತೆಯ ಬಗ್ಗೆ ಮಾತನಾಡುವಾಗ ಕಳಿಸಿದ ಪುಸ್ತಕಗಳ ಸಂಖ್ಯೆಗಿಂತ ಈ ಏಳುಬೀಳಿನ ಕಥೆಯನ್ನು ತಿಳಿಯುವುದು ಮುಖ್ಯ ಎಂದು ನಾನು ನಂಬಿದ್ದೇನೆ.

ಕಥೆಯ ಕೇಂದ್ರ ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿ. ವಿಸ್ತಾರದಲ್ಲಿ ಅದು ಕರ್ನಾಟಕದ ಏಳು ಪಟ್ಟು. ಜನಸಂಖ್ಯೆ ಸುಮಾರು ಎರಡೂವರೆ ಲಕ್ಷ, ನಮ್ಮ ಒಂದು ತಾಲ್ಲೂಕಿನಷ್ಟು. ಅವರಲ್ಲಿ ಹೆಚ್ಚೂಕಡಿಮೆ ಮೂರನೇ ಒಂದು ಭಾಗ ಮೂಲನಿವಾಸಿಗಳು. ಕೆಲವು ನೂರು ಜನರ ಊರು, ಅದರಿಂದ ಮುಂದಿನ ಪಟ್ಟಣಕ್ಕೆ ನೂರಾರು ಕಿಲೋಮೀಟರ್. ಮರುಭೂಮಿಯ ನಡುವಿನ ಯೂಎಂಡುಮುವಿನಿಂದ ಹತ್ತಿರದ ಪಟ್ಟಣ ಆಲಿಸ್ ಸ್ಪ್ರಿಂಗ್ಸ್‌ಗೆ ಸುಮಾರು 290 ಕಿಲೋಮೀಟರ್. ಉತ್ತರದ ಕರಾವಳಿಯಲ್ಲಿ ಮಳೆಗಾಲ ಬಂದರೆ ರಸ್ತೆಗಳು ತಿಂಗಳುಗಟ್ಟಲೆ ಮುಚ್ಚುತ್ತವೆ, ಸಾಮಾನು ದೋಣಿಯಲ್ಲಿ ಅಥವಾ ಚಿಕ್ಕ ವಿಮಾನದಲ್ಲಿ ಬರಬೇಕು. ಇಂಥ ಊರುಗಳಲ್ಲಿ ಪುಸ್ತಕದಂಗಡಿಯ ಮಾತೇ ಇಲ್ಲ. ಮಗು ಇಂಗ್ಲಿಷ್ ಕೇಳುವುದು ಶಿಕ್ಷಕರು, ದಾದಿ, ಪೊಲೀಸ್, ಅಂಗಡಿಯವರು ಮತ್ತು ಟಿವಿ ಬಾಯಲ್ಲಿ. ಅಜ್ಜಿ, ಚಿಕ್ಕಮ್ಮ, ಆಟದ ಗೆಳೆಯರು ಮಾತನಾಡುವುದು ಬೇರೆಯದೇ ಭಾಷೆ. ದೇಶದ ನಕ್ಷೆಯ ಪ್ರಕಾರ ಇಂಗ್ಲಿಷ್ ಅವರ ರಾಷ್ಟ್ರದ ಭಾಷೆ. ಆ ಮಗುವಿನ ಕಿವಿಗೆ ಮಾತ್ರ ಅದು ಪರದೇಶದ ಭಾಷೆ.

ಬ್ರಿಟಿಷರು ಕಾಲಿಟ್ಟ 1788ರ ಹೊತ್ತಿಗೆ ಆ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಈಚಿನ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಪುಟ್ಟ ಮಕ್ಕಳು ಮೊದಲ ಮಾತಾಗಿ ಕಲಿಯುತ್ತಿರುವ ಹಳೆಯ ಭಾಷೆಗಳು ಕೇವಲ 12. ಉಳಿದವುಗಳಲ್ಲಿ ಹಲವನ್ನು ಮುದುಕರು ಮಾತ್ರ ಬಲ್ಲರು, ಕೆಲವನ್ನು ಹಳೆಯ ಧ್ವನಿಮುದ್ರಣಗಳಿಂದ ಮತ್ತೆ ಕಲಿಯಲಾಗುತ್ತಿದೆ. 2021ರ ಜನಗಣತಿಯಲ್ಲಿ ಸುಮಾರು 77,000 ಜನ ಮನೆಯಲ್ಲಿ ಮೂಲನಿವಾಸಿ ಭಾಷೆ ಆಡುತ್ತೇವೆ ಎಂದು ಬರೆಸಿದ್ದಾರೆ. ಶಾಲೆಯ ನೀತಿ ಈ 12 ಭಾಷೆಗಳಿಗೆ ಜೀವ ಕೊಡಬಲ್ಲದು, ಅಷ್ಟೇ ಸುಲಭವಾಗಿ ಒಂದೇ ತಲೆಮಾರಿನಲ್ಲಿ ಅವುಗಳ ಬೇರು ಒಣಗಿಸಲೂ ಬಲ್ಲದು.

ಒಂದನೇ ತರಗತಿಗೆ ಬಂದ ಮಗುವಿನ ಮುಂದೆ ಏನಿರುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಓದು ಎಂದರೆ ಬಾಯಲ್ಲಿ ಈಗಾಗಲೇ ಇರುವ ಸದ್ದಿಗೆ ಕಣ್ಣಿನ ಮುಂದಿರುವ ಗುರುತನ್ನು ಕೂಡಿಸುವುದು. ಮರುಭೂಮಿಯ ವಳ್ಪಿರಿ ಭಾಷೆಯಲ್ಲಿ ಇರುವುದು ಅ, ಇ, ಉ ಎಂಬ ಮೂರೇ ಸ್ವರ ಗುಣಗಳು. ಪ ಮತ್ತು ಬ, ಕ ಮತ್ತು ಗ ನಡುವೆ ಅದು ಭೇದ ಮಾಡುವುದಿಲ್ಲ. ಸ, ಫ, ಶ ತರಹದ ಉಸಿರೊರಸುವ ಧ್ವನಿಗಳು ಇಲ್ಲವೇ ಇಲ್ಲ. ಆದರೆ ನಾವು ಟ, ಣ, ಳ ಎಂದು ನಾಲಿಗೆ ಮಡಚಿ ಆಡುವ ಧ್ವನಿಗಳು ಅಲ್ಲಿ ಧಾರಾಳವಾಗಿವೆ. ರೋಮನ್ ಲಿಪಿ ಇವನ್ನು ಎರಡೆರಡು ಅಕ್ಷರ ಕೂಡಿಸಿ ಬರೆಯುತ್ತದೆ, ಕನ್ನಡ ಲಿಪಿಗೆ ಒಂದೊಂದೇ ಅಕ್ಷರ ಸಾಕು. ಉತ್ತರದ ಯೂಲ್ಙು ಜನರ ಹೆಸರಿನಲ್ಲೇ ನಮ್ಮ ವರ್ಣಮಾಲೆಯಲ್ಲಿ ಬಾಯಿಪಾಠ ಮಾಡಿ ಬಿಟ್ಟುಬಿಡುವ ‘ಙ’ ಇದೆ. ಈಗ ಇಂಗ್ಲಿಷ್ ಶಿಕ್ಷಕರು ‘ಪಿನ್’ ಮತ್ತು ‘ಬಿನ್’ ಎಂದು ಹೇಳಿ ವ್ಯತ್ಯಾಸ ಗುರುತಿಸು ಎಂದರೆ ಮಗು ಗುರುತಿಸಬೇಕಾದದ್ದು ತನ್ನ ಭಾಷೆಯಲ್ಲಿ ಅರ್ಥವೇ ಬದಲಾಯಿಸದ ಭೇದವನ್ನು. ಪದ ಓದಿ ಮುಗಿಸಿದರೂ ಅದರ ಅರ್ಥ ಅದಕ್ಕೆ ಸಿಗುವುದಿಲ್ಲ, ಏಕೆಂದರೆ ಆ ಪದವನ್ನು ಅದು ಮನೆಯಲ್ಲಿ ಯಾರ ಬಾಯಲ್ಲೂ ಕೇಳಿಲ್ಲ.

ಇದರ ಮೇಲೆ ಕಿವಿಯ ಕಾಯಿಲೆ. ದೂರದ ಊರುಗಳ ಮಕ್ಕಳಲ್ಲಿ ಮಧ್ಯಕಿವಿಯ ಸೋಂಕು ಶೈಶವದಲ್ಲೇ ಶುರುವಾಗಿ ವರ್ಷಗಟ್ಟಲೆ ಉಳಿಯುತ್ತದೆ. ಸಮುದಾಯವೊಂದರ ಶೇಕಡ 4ಕ್ಕಿಂತ ಹೆಚ್ಚು ಮಕ್ಕಳ ಕಿವಿ ಸದಾ ಸೋರುತ್ತಿದ್ದರೆ ಅದನ್ನು ತುರ್ತಾಗಿ ಎದುರಿಸಬೇಕಾದ ಸಾರ್ವಜನಿಕ ಆರೋಗ್ಯ ಸಮಸ್ಯೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಊರುಗಳಲ್ಲಿ ಹಲವು ಆ ಗೆರೆಯನ್ನು ಬಹಳ ಹಿಂದೆಯೇ ದಾಟಿವೆ. ಕಿಕ್ಕಿರಿದ ಮನೆ, ನೀರು ಮತ್ತು ನೈರ್ಮಲ್ಯದ ಕೊರತೆ ಇದಕ್ಕೆ ಕಾರಣ. ಮಂದ ಕಿವಿಯ ಮಗು ಪರಿಚಿತ ಭಾಷೆಯಲ್ಲಾದರೆ ಕೇಳದ ಭಾಗವನ್ನು ಊಹಿಸಿಕೊಳ್ಳುತ್ತದೆ, ಪರಭಾಷೆಯಲ್ಲಿ ಊಹೆಗೆ ಆಧಾರವೇ ಇರುವುದಿಲ್ಲ. ಹಾಗಾಗಿ ಅಲ್ಲಿ ವಸತಿ ಇಲಾಖೆಯ ಕೆಲಸವೂ ಅಕ್ಷರ ಕಲಿಕೆಗೆ ಸೇರಿದ್ದು.

ಹಾಗೆಂದು ಈ ಮಕ್ಕಳು ಬರಿಗೈಯಲ್ಲಿ ಶಾಲೆಗೆ ಬರುತ್ತಾರೆಂದು ತಿಳಿಯಬಾರದು. ಮಧ್ಯ ಮರುಭೂಮಿಯಲ್ಲಿ ಹೆಂಗಸರು ಮತ್ತು ಹುಡುಗಿಯರು ಮರಳಿನ ಮೇಲೆ ಕಥೆ ಹೇಳುವ ಒಂದು ಪದ್ಧತಿ ಇದೆ. ಪಿಚಂಜಾರ ಭಾಷೆಯಲ್ಲಿ ಇದನ್ನು ಮಿಲ್ಪಚುನನ್ಯಿ ಎನ್ನುತ್ತಾರೆ. ಅಂಗೈಯಿಂದ ಮರಳನ್ನು ನಯವಾಗಿ ಸವರಿ, ಕಡ್ಡಿ ಅಥವಾ ಬಾಗಿದ ತಂತಿಯಿಂದ ನೆಲ ಬಡಿಯುತ್ತ ಲಯ ಹಿಡಿದು, ಮಾತಿನ ಜೊತೆಜೊತೆಗೇ ಗುರುತು ಬರೆಯುತ್ತಾರೆ. ಕುದುರೆಲಾಳದಂಥ ಗೆರೆ ಎಂದರೆ ಕುಳಿತ ಮನುಷ್ಯ. ವೃತ್ತ ಎಂದರೆ ನೀರಿನ ಹೊಂಡವೋ ಬೆಂಕಿಯೋ ಬಿಡಾರವೋ, ಸಂದರ್ಭ ನೋಡಿ ತಿಳಿಯಬೇಕು. ದೃಶ್ಯ ಮುಗಿದೊಡನೆ ಮರಳನ್ನು ಅಳಿಸಿ ಮುಂದಿನ ದೃಶ್ಯ ಶುರು. ಇದು ಬರವಣಿಗೆಯಲ್ಲ, ಹಾಗೆ ಹೇಳುವುದು ಉತ್ಪ್ರೇಕ್ಷೆಯಾದೀತು. ಆದರೆ ಗುರುತಿಗೆ ಅರ್ಥವಿದೆ, ಕಥೆಗೆ ದೃಶ್ಯಗಳ ಅನುಕ್ರಮವಿದೆ, ಒಂದೇ ಗುರುತು ಬೇರೆ ಕಡೆ ಬೇರೆ ಅರ್ಥ ಕೊಡುತ್ತದೆ ಎಂಬ ಅರಿವು ನಾಲ್ಕೈದು ವರ್ಷದ ಮಗುವಿಗೆ ಇದರಿಂದಲೇ ಬಂದಿರುತ್ತದೆ. ಪುಸ್ತಕದ ಪುಟ ತಿರುವುವ ಮಗುವಿಗೆ ಬೇಕಾದ ಸಿದ್ಧತೆಯೂ ಇಷ್ಟೇ. ಶಾಲೆ ಇಲ್ಲಿಂದ ಮುಂದುವರಿಯುತ್ತದೆಯೋ ಅಥವಾ ಇದನ್ನೆಲ್ಲ ಲೆಕ್ಕಕ್ಕೇ ತೆಗೆದುಕೊಳ್ಳದೆ ಮೊದಲಿನಿಂದ ಶುರುಮಾಡುತ್ತದೆಯೋ ಎಂಬುದರ ಮೇಲೆ ಆ ಮಗುವಿನ ಓದು ನಿಂತಿದೆ.

ಮುಂದುವರಿಸಬಹುದು ಎಂಬುದಕ್ಕೆ ಹಳೆಯ ನಿದರ್ಶನವಿತ್ತು. ದಕ್ಷಿಣ ಆಸ್ಟ್ರೇಲಿಯಾದ ಅರ್ನಬೆಲ್ಲಾ ಮಿಷನ್ ಶಾಲೆ 1940ರಲ್ಲಿ ಶುರುವಾದಾಗಲೇ ಮಕ್ಕಳಿಗೆ ಮೊದಲ ಓದು ಬರಹವನ್ನು ಪಿಚಂಜಾರದಲ್ಲಿ ಕಲಿಸಿತು. ಸರ್ಕಾರಿ ನೀತಿಯಾಗಿ ಇದು ಬಂದದ್ದು 1972ರ ಕೊನೆಯಲ್ಲಿ ಗಾಫ್ ವಿಟ್ಲಮ್ ಪ್ರಧಾನಿಯಾದ ಮೇಲೆ. 1973ರಿಂದ ನಾರ್ದರ್ನ್ ಟೆರಿಟರಿಯಲ್ಲಿ ದ್ವಿಭಾಷಾ ಶಾಲೆಗಳು ಶುರುವಾದವು, ನಂತರದ ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಊರುಗಳಿಗೆ ಹಬ್ಬಿದವು. ಕ್ರಮ ಹೀಗಿತ್ತು: ಮೊದಲ ವರ್ಷ ಬಹುಪಾಲು ಪಾಠ ಮಗುವಿನ ಭಾಷೆಯಲ್ಲಿ, ಇಂಗ್ಲಿಷ್ ಬರಿಯ ಮಾತಾಗಿ ಸ್ವಲ್ಪ. ವರ್ಷ ವರ್ಷವೂ ಇಂಗ್ಲಿಷಿನ ಪಾಲು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇಂಗ್ಲಿಷ್ ಓದು ಮೂರು, ನಾಲ್ಕನೇ ತರಗತಿಯ ಹೊತ್ತಿಗೆ ಶುರು. ಓದುವುದು ಹೇಗೆ ಎಂಬುದನ್ನು ಮನುಷ್ಯ ಒಂದು ಸಲ ಕಲಿತರೆ ಸಾಕು, ಎರಡನೆಯ ಭಾಷೆಗೆ ಅದು ತಾನಾಗಿ ದಾಟುತ್ತದೆ ಎಂಬುದು ಇದರ ಹಿಂದಿನ ತಿಳಿವಳಿಕೆ.

ಸರಿ, ಆದರೆ ವಳ್ಪಿರಿಯಲ್ಲಿ ಓದಲು ಪುಸ್ತಕವೆಲ್ಲಿತ್ತು? ಇದಕ್ಕೆ ಕಂಡುಕೊಂಡ ಉತ್ತರವೇ ಈ ಇಡೀ ಪ್ರಯೋಗದ ಅತ್ಯಂತ ಬೆಲೆಬಾಳುವ ಭಾಗ. ಶಾಲೆಯ ಅಂಗಳದಲ್ಲೇ ಸಾಹಿತ್ಯ ತಯಾರಿಕಾ ಕೇಂದ್ರಗಳನ್ನು ತೆರೆದರು. ಸಣ್ಣ ಮುದ್ರಣ ಯಂತ್ರ, ಟೇಪ್ ರೆಕಾರ್ಡರ್, ಊರಿನವರೇ ಆದ ಬರಹಗಾರರು, ಚಿತ್ರ ಬಿಡಿಸುವವರು, ಅಚ್ಚು ಹಾಕುವವರು, ಜೊತೆಗೊಬ್ಬ ಭಾಷಾತಜ್ಞ ಶಿಕ್ಷಕರು. ಹಿರಿಯರು ಬಂದು ಕೂತು ಕಥೆ ಹೇಳುತ್ತಾರೆ. ಯುವಕರು ಅದನ್ನು ಬರೆದುಕೊಂಡು ಓದಿ ತೋರಿಸುತ್ತಾರೆ. ಈ ಪದ ಹೀಗಲ್ಲ ಎಂದು ಅಜ್ಜಿ ತಿದ್ದುತ್ತಾಳೆ. ಅಳಿಯ ಚಿತ್ರ ಬಿಡಿಸುತ್ತಾನೆ. ಹತ್ತಾರು ಪ್ರತಿ ಅಚ್ಚಾಗಿ ಪಕ್ಕದ ಕೋಣೆಯ ಮಕ್ಕಳ ಕೈಗೆ ಹೋಗುತ್ತದೆ. ಬೇಟೆಗೆ ಹೋದದ್ದು, ಜೇನು ಹುಡುಕಿದ್ದು, ಮೊದಲ ಸಲ ಬಿಳಿಯರನ್ನು ಕಂಡದ್ದು, ದನದ ಕಾವಲಿನಲ್ಲಿ ದುಡಿದದ್ದು, ದೆವ್ವದ ಕಥೆ, ಎಲ್ಲವೂ ಪುಸ್ತಕವಾದವು. ಹೀಗೆ ಹತ್ತಾರು ಭಾಷೆಗಳಲ್ಲಿ ಸಾವಿರಾರು ಪುಸ್ತಕಗಳು ಬಂದವು. ಅವುಗಳಲ್ಲಿ ಹಲವು ಭಾಷೆಗಳಿಗೆ ಅಲ್ಲಿಯವರೆಗೆ ಬೈಬಲ್ ಭಾಗಗಳನ್ನು ಬಿಟ್ಟರೆ ಬೇರೆ ಮುದ್ರಿತ ಓದೇ ಇರಲಿಲ್ಲ.

ಈ ಕೇಂದ್ರಗಳು ಮಕ್ಕಳಿಗೆ ಪುಸ್ತಕ ಒದಗಿಸಿದ್ದು ಒಂದು ಲಾಭ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಓದು ಬರಹ ಬಲ್ಲ ದೊಡ್ಡವರಿಗೆ ಊರಿನಲ್ಲೇ ಸಂಬಳದ ಕೆಲಸ ಕೊಟ್ಟದ್ದು. ಅಕ್ಷರದಿಂದ ಏನು ಪ್ರಯೋಜನ ಎಂದು ಮಗು ಕೇಳಿದರೆ ತೋರಿಸಲು ಅಲ್ಲೊಬ್ಬ ಚಿಕ್ಕಪ್ಪ ಮೇಜಿನ ಮುಂದೆ ಕೂತು ಬರೆಯುತ್ತಿದ್ದ. ಬ್ಯಾಚಲರ್ ಎಂಬ ಸಣ್ಣ ಊರಿನ ಕಾಲೇಜು ದೂರದ ಊರುಗಳಿಗೇ ಹೋಗಿ ಮೂಲನಿವಾಸಿ ಶಿಕ್ಷಕರನ್ನು ತರಬೇತು ಮಾಡಿತು. ಹೊರಗಿನಿಂದ ಬರುವ ಶಿಕ್ಷಕರು ಒಂದೆರಡು ವರ್ಷಕ್ಕೆ ವರ್ಗವಾಗಿ ಹೋಗುತ್ತಾರೆ. ಊರಿನ ಶಿಕ್ಷಕಿ ಮೂವತ್ತು ವರ್ಷ ಇರುತ್ತಾಳೆ, ತಾನು ಕಲಿಸಿದವರ ಮಕ್ಕಳಿಗೂ ಕಲಿಸುತ್ತಾಳೆ.

ಉತ್ತರ ಕರಾವಳಿಯ ಯಿರ್ಕಲಾ ಇದರ ಶಿಖರ. ಅಕ್ಷರಕ್ಕೆ ಅಧಿಕಾರವಿದೆ ಎಂಬುದು ಆ ಊರಿಗೆ ಮೊದಲೇ ಗೊತ್ತಿತ್ತು. ತಮ್ಮ ನೆಲದಲ್ಲಿ ಬಾಕ್ಸೈಟ್ ಗಣಿಗೆ ಒಪ್ಪಿಗೆ ಕೊಟ್ಟದ್ದನ್ನು ವಿರೋಧಿಸಿ 1963ರಲ್ಲಿ ಅಲ್ಲಿನವರು ಮರದ ತೊಗಟೆಯ ಮೇಲೆ ಚಿತ್ರದ ಚೌಕಟ್ಟು ಬರೆದು, ತಮ್ಮ ಭಾಷೆ ಮತ್ತು ಇಂಗ್ಲಿಷ್ ಎರಡರಲ್ಲೂ ಮನವಿ ಟೈಪ್ ಮಾಡಿ ಸಂಸತ್ತಿಗೆ ಕಳಿಸಿದ್ದರು. ಅದೇ ಊರಿನ ಶಾಲೆಗೆ 1990ರಲ್ಲಿ ಮುಖ್ಯಸ್ಥರಾದ ಮಂದಾವುಯ್ ಯುನುಪಿಂಗು ಆ ಪ್ರಾಂತ್ಯದ ಮೊದಲ ಮೂಲನಿವಾಸಿ ಮುಖ್ಯೋಪಾಧ್ಯಾಯರು. ಜಗತ್ತಿಗೆ ಅವರು ಗೊತ್ತಿರುವುದು ಯೋತು ಯಿಂಡಿ ಸಂಗೀತ ತಂಡದ ಹಾಡುಗಾರರಾಗಿ. 1992ರಲ್ಲಿ ವರ್ಷದ ಆಸ್ಟ್ರೇಲಿಯನ್ ಗೌರವವೂ ಅವರಿಗೆ ಸಂದಿತು. ಸಿಹಿನೀರಿನ ಹೊಳೆ ಸಮುದ್ರ ಸೇರುವ ಕಡೆ ಎರಡೂ ನೀರು ಕೂಡಿ ಸುಳಿಯುತ್ತದೆಯಲ್ಲ, ಯೂಲ್ಙು ಜ್ಞಾನ ಮತ್ತು ಬಿಳಿಯರ ಜ್ಞಾನ ಶಾಲೆಯಲ್ಲಿ ಹಾಗೆ ಸೇರಬೇಕು ಎಂಬುದು ಅವರೂ ಅವರ ಹಿರಿಯರೂ ಕಟ್ಟಿದ ಶಿಕ್ಷಣ ತತ್ವ. ಇಂಗ್ಲಿಷ್ ಬೇಡ ಎಂದು ಅವರು ಎಂದೂ ಹೇಳಲಿಲ್ಲ.

ಈ ಮಾತನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಮುಂದೆ ಆದದ್ದೆಲ್ಲ ತಾಯ್ನುಡಿಯೋ ಇಂಗ್ಲಿಷೋ ಎಂಬ ಸುಳ್ಳು ಆಯ್ಕೆಯ ಹೆಸರಿನಲ್ಲಿ ಆಯಿತು. 1998ರ ಡಿಸೆಂಬರಿನಲ್ಲಿ ಅಲ್ಲಿನ ಪ್ರಾಂತೀಯ ಸರ್ಕಾರ ದ್ವಿಭಾಷಾ ಕಾರ್ಯಕ್ರಮವನ್ನು ಹಂತ ಹಂತವಾಗಿ ನಿಲ್ಲಿಸುವುದಾಗಿ ಘೋಷಿಸಿತು. ಊರುಗಳು ಪ್ರತಿಭಟಿಸಿದ ಮೇಲೆ ಕೆಲವು ಶಾಲೆಗಳು ಬೇರೆ ಹೆಸರಿನಲ್ಲಿ ಅದನ್ನು ಉಳಿಸಿಕೊಂಡವು. ದೊಡ್ಡ ಪೆಟ್ಟು ಬಿದ್ದದ್ದು 2008ರಲ್ಲಿ. ಆ ವರ್ಷ ಮೇ ತಿಂಗಳಲ್ಲಿ ಇಡೀ ದೇಶದ ಮಕ್ಕಳಿಗೆ ಒಂದೇ ಬಗೆಯ ಪರೀಕ್ಷೆ ಮೊದಲ ಸಲ ನಡೆಯಿತು, 3, 5, 7 ಮತ್ತು 9ನೇ ತರಗತಿಗಳಿಗೆ, ಇಂಗ್ಲಿಷಿನಲ್ಲಿ. ದೂರದ ಊರುಗಳ ಫಲಿತಾಂಶ ಕನಿಷ್ಠವಾಗಿತ್ತು. ಅಕ್ಟೋಬರಿನಲ್ಲಿ ಶಿಕ್ಷಣ ಸಚಿವೆ ಮೇರಿಯನ್ ಸ್ಕ್ರಿಮ್‌ಗೌರ್ ಹೊಸ ಆದೇಶ ಪ್ರಕಟಿಸಿದರು: ಪ್ರತಿ ಶಾಲೆಯಲ್ಲೂ ದಿನದ ಮೊದಲ ನಾಲ್ಕು ಗಂಟೆ ಪಾಠ ಇಂಗ್ಲಿಷಿನಲ್ಲೇ ಆಗಬೇಕು. ನಾಲ್ಕು ಗಂಟೆ ಕಳೆದರೆ ಶಾಲೆಯ ದಿನದಲ್ಲಿ ಉಳಿಯುವುದು ಬಿಸಿಲೇರಿ ಮಕ್ಕಳು ದಣಿದ ಮಧ್ಯಾಹ್ನದ ಸ್ವಲ್ಪ ಹೊತ್ತು. ಸಚಿವೆ ಸ್ವತಃ ಮೂಲನಿವಾಸಿ ಮನೆತನದವರು, ಮಕ್ಕಳ ಒಳಿತನ್ನೇ ಬಯಸಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಒಳ್ಳೆಯ ಉದ್ದೇಶದ ಆದೇಶವೂ ಇಷ್ಟು ಹಾನಿ ಮಾಡಬಲ್ಲದು ಎಂಬುದೇ ಇಲ್ಲಿ ಕಳವಳ ತರುವ ಸಂಗತಿ.

ಆದೇಶದ ತರ್ಕದಲ್ಲೇ ದೋಷವಿತ್ತು. ದ್ವಿಭಾಷಾ ಶಾಲೆಯ ಮಗು ಇಂಗ್ಲಿಷ್ ಓದನ್ನು ಶುರುಮಾಡುವುದೇ ಮೂರು, ನಾಲ್ಕನೇ ತರಗತಿಯಲ್ಲಿ. ಮೂರನೇ ತರಗತಿಯ ಪರೀಕ್ಷೆ ಆ ಮಗುವನ್ನು ಹಿಡಿಯುವುದು ಅದು ಇನ್ನೂ ಮೊದಲ ಮೆಟ್ಟಿಲಿನಲ್ಲಿರುವಾಗ. ತನ್ನ ಭಾಷೆಯಲ್ಲಿ ಅದು ಸರಾಗವಾಗಿ ಓದಬಲ್ಲದೇ ಎಂದು ಪರೀಕ್ಷೆ ಕೇಳುವುದೇ ಇಲ್ಲ. ಆ ಹೊತ್ತಿಗೆ ದ್ವಿಭಾಷಾ ಕ್ರಮ ಉಳಿದಿದ್ದದ್ದು ಬೆರಳೆಣಿಕೆಯ ಶಾಲೆಗಳಲ್ಲಿ. ಇಂಗ್ಲಿಷ್ ಒಂದರಲ್ಲೇ ಕಲಿಸುತ್ತಿದ್ದ ದೂರದ ಶಾಲೆಗಳ ಸ್ಥಿತಿಯೂ ಅಷ್ಟೇ ಕೆಟ್ಟದಾಗಿತ್ತು. ಎರಡೂ ಬಗೆಯ ಶಾಲೆಗಳನ್ನು ಹೋಲಿಸಿ ಇಲಾಖೆ ಕೊಟ್ಟ ಅಂಕಿಗಳು ತೀರ್ಮಾನಕ್ಕೆ ಬರಲು ಸಾಲವು ಎಂದು ಭಾಷಾವಿಜ್ಞಾನಿಗಳು ಮರುವರ್ಷವೇ ತೋರಿಸಿದರು. ಕೆಲವು ವರ್ಷಗಳ ನಂತರ ಆ ಆದೇಶ ಸಡಿಲವಾಯಿತು. ಆದರೆ ಅಷ್ಟರಲ್ಲಿ ಸಾಹಿತ್ಯ ಕೇಂದ್ರಗಳ ಹುದ್ದೆಗಳು ಹೋಗಿದ್ದವು, ಭಾಷಾತಜ್ಞ ಶಿಕ್ಷಕರು ಚದುರಿದ್ದರು, ಹೊಸ ಊರ ಶಿಕ್ಷಕರ ತರಬೇತಿ ಸೊರಗಿತ್ತು. ಶಾಲೆಯೊಂದರ ಭಾಷಾ ಕ್ರಮವನ್ನು ಒಂದು ಪತ್ರಿಕಾ ಪ್ರಕಟಣೆಯಿಂದ ನಿಲ್ಲಿಸಬಹುದು. ಮತ್ತೆ ಕಟ್ಟಲು ಇಪ್ಪತ್ತು ವರ್ಷ ಬೇಕು, ಏಕೆಂದರೆ ಅದನ್ನು ನಡೆಸಬೇಕಾದ ಶಿಕ್ಷಕಿ ಇನ್ನೂ ಮಗುವಾಗಿರುತ್ತಾಳೆ.

ಈ ವಾದದ ಇನ್ನೊಂದು ಮಗ್ಗುಲನ್ನೂ ಮುಚ್ಚಿಡಬಾರದು. ಮೂಲನಿವಾಸಿ ತಂದೆತಾಯಿಗಳಿಗೆ ತಮ್ಮ ಮಕ್ಕಳು ಇಂಗ್ಲಿಷ್ ಚೆನ್ನಾಗಿ ಕಲಿಯಬೇಕು ಎಂಬ ಆಸೆ ನಿಜವಾಗಿ ಇದೆ. ಆಸ್ಪತ್ರೆ, ನ್ಯಾಯಾಲಯ, ಉದ್ಯೋಗ ಎಲ್ಲ ಇಂಗ್ಲಿಷಿನಲ್ಲೇ ನಡೆಯುವಾಗ ಆ ಆಸೆಯನ್ನು ಯಾರೂ ಹಗುರವಾಗಿ ಕಾಣಬಾರದು. ದ್ವಿಭಾಷಾ ಶಾಲೆಗಳೆಲ್ಲ ಒಂದೇ ಮಟ್ಟದಲ್ಲಿ ಯಶಸ್ವಿಯಾದವು ಎಂದೂ ಹೇಳಲಾಗದು. ತರಬೇತಾದ ಶಿಕ್ಷಕರಿಲ್ಲದ ಕಡೆ, ಹಾಜರಾತಿ ಬಿದ್ದ ಕಡೆ, ಯಾವ ಭಾಷೆಯಲ್ಲೂ ಓದು ಬರದ ಮಕ್ಕಳು ಹೊರಬಂದದ್ದುಂಟು. ಆದರೆ ಕ್ರಮ ನಡೆಸಲು ಬೇಕಾದ ಜನರನ್ನು ಕೊಡದೆ, ಕ್ರಮವೇ ಸೋತಿತು ಎಂದು ತೀರ್ಪು ಕೊಡುವುದನ್ನು ನಾನು ಒಪ್ಪಲಾರೆ.

ಉಳಿದುಕೊಂಡ ಕಡೆ ಏನಾಯಿತು ಎಂಬುದನ್ನು ನೋಡಿದರೆ ಭರವಸೆ ಬರುತ್ತದೆ. ಯಿರ್ಕಲಾ ತನ್ನ ಕ್ರಮವನ್ನು ಬಿಟ್ಟುಕೊಡಲಿಲ್ಲ, ಅದರ ಸಾಹಿತ್ಯ ಕೇಂದ್ರವೂ ಉಳಿಯಿತು. 2020ರಲ್ಲಿ ಆ ಶಾಲೆಯ ಎಂಟು ಮಂದಿ ಹನ್ನೆರಡನೇ ತರಗತಿ ಮುಗಿಸಿ ವಿಶ್ವವಿದ್ಯಾಲಯ ಪ್ರವೇಶಕ್ಕೆ ಬೇಕಾದ ಅಂಕ ಪಡೆದರು, ಅದೂ ತಮ್ಮ ಊರು ಬಿಡದೆ. ಮಧ್ಯ ಮರುಭೂಮಿಯ ವಳ್ಪಿರಿ ಜನ ಇನ್ನೊಂದು ದಾರಿ ಹಿಡಿದರು. ತಮ್ಮ ನೆಲದ ಚಿನ್ನದ ಗಣಿಯಿಂದ ಬರುವ ರಾಜಧನವನ್ನು ಹಂಚಿಕೊಂಡು ಖರ್ಚು ಮಾಡುವ ಬದಲು, ಅದರಲ್ಲೊಂದು ಪಾಲನ್ನು 2005ರಿಂದ ಶಿಕ್ಷಣ ಟ್ರಸ್ಟ್ ಒಂದಕ್ಕೆ ಮೀಸಲಿಟ್ಟಿದ್ದಾರೆ. ಯೂಎಂಡುಮು, ಲಾಜಮಾನು, ವಿಲ್ಲೋರಾ, ನ್ಯಿರ್ಪಿ ಊರುಗಳಲ್ಲಿ ವಳ್ಪಿರಿ ಪುಸ್ತಕ ತಯಾರಿಕೆಗೆ, ಶಿಕ್ಷಕರ ಕಾರ್ಯಾಗಾರಕ್ಕೆ, ಹಿರಿಯರು ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಪ್ರವಾಸಕ್ಕೆ ಆ ಹಣ ಬರುತ್ತದೆ. ಸರ್ಕಾರದ ನೀತಿ ಚುನಾವಣೆಗೊಮ್ಮೆ ಬದಲಾಗುವ ನಾಡಿನಲ್ಲಿ ತಮ್ಮದೇ ಹಣದಿಂದ ತಮ್ಮ ಮಕ್ಕಳ ಓದನ್ನು ಕಾಯುವ ಈ ನಿರ್ಧಾರಕ್ಕೆ ನಾನು ತಲೆಬಾಗುತ್ತೇನೆ. ಆದರೆ ಬೇರೆ ಮಕ್ಕಳಿಗೆ ತೆರಿಗೆಯ ಹಣದಲ್ಲಿ ಸಿಗುವುದನ್ನು ಇವರು ಗಣಿಯ ಪರಿಹಾರದಿಂದ ಕೊಳ್ಳಬೇಕಾಯಿತು ಎಂಬುದು ನ್ಯಾಯವಲ್ಲ.

ಮುಚ್ಚಿದ ಕೇಂದ್ರಗಳ ಪುಸ್ತಕಗಳು ಉಗ್ರಾಣಗಳಲ್ಲಿ, ತಗಡಿನ ಶೆಡ್ಡುಗಳಲ್ಲಿ, ಕೆಲವು ಬರಿಯ ರಟ್ಟಿನ ಪೆಟ್ಟಿಗೆಗಳಲ್ಲಿ ಬಿದ್ದಿದ್ದವು. ಚಾರ್ಲ್ಸ್ ಡಾರ್ವಿನ್ ವಿಶ್ವವಿದ್ಯಾಲಯದ ತಂಡವೊಂದು 2012ರಿಂದ ಅವನ್ನು ಹುಡುಕಿ, ಬರೆದವರ ಮತ್ತು ಅವರ ಕುಟುಂಬದವರ ಒಪ್ಪಿಗೆ ಪಡೆದು, ಡಿಜಿಟಲ್ ಭಂಡಾರವಾಗಿಸುತ್ತಿದೆ. ಒಪ್ಪಿಗೆ ಎಂಬುದು ಅಲ್ಲಿ ಬರಿಯ ಕಾಗದದ ವಿಧಿಯಲ್ಲ. ಕಥೆಗೆ ಅಲ್ಲಿ ಒಡೆತನವಿದೆ. ಒಂದು ಜಾಗದ ಕಥೆಯನ್ನು ಹೇಳುವ ಹಕ್ಕು ಒಂದು ಕುಲಕ್ಕೆ ಸೇರಿದ್ದು. ಕೆಲವು ಕಥೆ ಹೆಂಗಸರಿಗಷ್ಟೇ, ಕೆಲವು ಗಂಡಸರಿಗಷ್ಟೇ. ತೀರಿಕೊಂಡವರ ಹೆಸರು ಹೇಳುವುದು, ಚಿತ್ರ ತೋರಿಸುವುದು ಹಲವು ಕಡೆ ಕೆಲವು ಕಾಲ ನಿಷಿದ್ಧ, ಆಗ ಪುಸ್ತಕವನ್ನೇ ಎತ್ತಿಡುತ್ತಾರೆ. ಹೊರಗಿನ ಪ್ರಕಾಶಕರು ಜನಪದ ಕಥೆ ಎಲ್ಲರ ಸೊತ್ತು ಎಂದುಕೊಂಡು ಹೋದರೆ ಅಲ್ಲಿ ಕಳವು ಮಾಡಿದಂತೆ. ಇಂಥ ಊರಿಗೆ ಪುಸ್ತಕ ಮಾಡಲು ಹೋಗುವವರು ಮೊದಲು ಕೇಳಿ ತಿಳಿಯಬೇಕಾದದ್ದು, ಈ ಕಥೆಯನ್ನು ಮಕ್ಕಳಿಗೆ ಹೇಳುವ ಹಕ್ಕು ಯಾರದು ಎಂಬುದನ್ನು.

ಇನ್ನು ಮಗುವಿನ ಭಾಷೆ ಯಾವುದು ಎಂಬ ಪ್ರಶ್ನೆ. ಹೇಳಿದಷ್ಟು ಸರಳವಲ್ಲ ಅದು. ಲಾಜಮಾನುವಿನಲ್ಲಿ ಕಳೆದ ನಾಲ್ಕು ದಶಕಗಳಲ್ಲಿ ಹೊಸ ಮಾತೊಂದು ಹುಟ್ಟಿದೆ, ವಳ್ಪಿರಿಯ ನಾಮಪದ ಮತ್ತು ವಿಭಕ್ತಿಗಳನ್ನು ಇಂಗ್ಲಿಷ್ ಮತ್ತು ಕ್ರಿಯೋಲ್ ಮೂಲದ ಕ್ರಿಯಾಪದಗಳ ಜೊತೆ ಬೆಸೆದದ್ದು. ಭಾಷಾವಿಜ್ಞಾನಿಗಳು ಅದನ್ನು ಲೈಟ್ ವಳ್ಪಿರಿ ಎಂದು ಕರೆಯುತ್ತಾರೆ. ಮಕ್ಕಳು ಮೊದಲು ಆಡುವುದು ಅದನ್ನೇ. ಉತ್ತರದ ದೊಡ್ಡ ಭಾಗದಲ್ಲಿ ಸಾವಿರಾರು ಜನರ ಮನೆಮಾತು ಕ್ರಿಯೋಲ್. ಬೇರೆ ಬೇರೆ ಭಾಷೆಯ ಜನರನ್ನು ಮಿಷನ್‌ಗಳಲ್ಲಿ, ದನದ ಕಾವಲುಗಳಲ್ಲಿ ಒಟ್ಟಿಗೆ ಕೂಡಿದ್ದರಿಂದ ಬೆಳೆದ ಭಾಷೆ ಅದು. ಪದಗಳು ಬಹುಪಾಲು ಇಂಗ್ಲಿಷಿನವು, ವ್ಯಾಕರಣ ಬೇರೆಯೇ. ಹಿರಿಯರು ತಮ್ಮ ಹಳೆಯ ಗಟ್ಟಿ ಭಾಷೆಯಲ್ಲೇ ಪುಸ್ತಕ ಬೇಕೆನ್ನುತ್ತಾರೆ. ಮಗುವಿಗೆ ಥಟ್ಟನೆ ಅರ್ಥವಾಗುವುದು ಹೊಸ ಮಾತು. ಓದಲು ಕಲಿಸುವ ಮೊದಲ ಪುಸ್ತಕ ಮಗು ಆಡುವ ಮಾತಿನಲ್ಲೇ ಇರಲಿ, ಹಿರಿಯರ ಭಾಷೆಯ ಪುಸ್ತಕ ಹಿರಿಯರ ಬಾಯಿಂದ ಕೇಳುವುದರ ಜೊತೆಗೆ ಬರಲಿ ಎಂಬುದು ನನ್ನ ನಿಲುವು. ತೀರ್ಮಾನ ಮಾತ್ರ ಆ ಊರಿನದೇ. ಕ್ರಿಯೋಲ್ ಆಡುವ ಮಕ್ಕಳಿಗೆ ಆದ ಅನ್ಯಾಯ ಇನ್ನೂ ಸೂಕ್ಷ್ಮವಾದದ್ದು. ಅವರ ಮಾತು ಇಂಗ್ಲಿಷಿನಂತೆ ಕೇಳಿಸುವುದರಿಂದ ಅದನ್ನು ಬೇರೆ ಭಾಷೆಯೆಂದು ಎಣಿಸದೆ ಕೆಟ್ಟ ಇಂಗ್ಲಿಷ್ ಎಂದು ತಿದ್ದಿದವರೇ ಹೆಚ್ಚು.

ಕನ್ನಡ ಓದುಗರು ನಿಲ್ಲಬೇಕಾದ ಜಾಗ ಇದು ಎಂದು ನನಗನ್ನಿಸುತ್ತದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೇನುಕುರುಬರು ಸುಮಾರು 36,000, ಸೋಲಿಗರು ಸುಮಾರು 34,000. ನಾಗರಹೊಳೆಯ ಅಂಚಿನ ಹಾಡಿಗಳಲ್ಲಿ, ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆಮಹದೇಶ್ವರ ಬೆಟ್ಟದ ಪೋಡುಗಳಲ್ಲಿ ಮಕ್ಕಳು ಆಡುವ ಜೇನುನುಡಿ, ಸೋಲಿಗನುಡಿಗಳು ಕನ್ನಡಕ್ಕೆ ಹತ್ತಿರದವು. ಹತ್ತಿರ ಎಂಬ ಕಾರಣಕ್ಕೇ ಅವು ನಮ್ಮ ಶಾಲೆಗೆ ಕಾಣುವುದಿಲ್ಲ. ಮಗು ಪೋಡಿನ ಮಾತಿನಲ್ಲಿ ಉತ್ತರ ಹೇಳಿದರೆ ಅದು ಕನ್ನಡದ ತಪ್ಪಾಗಿ ಎಣಿಕೆಯಾಗುತ್ತದೆ. ತಾಯ್ನುಡಿ ಶಿಕ್ಷಣಕ್ಕಾಗಿ ನಾವು ದಶಕಗಳಿಂದ ಹೋರಾಡಿದ್ದೇವೆ, ಸುಪ್ರೀಂ ಕೋರ್ಟಿನವರೆಗೂ ಹೋಗಿದ್ದೇವೆ. ಆ ಹೋರಾಟದ ಮಾತಿನಲ್ಲಿ ತಾಯ್ನುಡಿ ಎಂದರೆ ಕನ್ನಡ ಎಂದೇ ಅರ್ಥ. ಹಾಡಿಯ ಮಗುವಿಗೂ ಒಂದು ತಾಯ್ನುಡಿ ಇದೆ ಎಂಬುದು ಅದರೊಳಗೆ ಇನ್ನೂ ಸೇರಿಲ್ಲ.

ಕಾನೂನಿನ ಕೊರತೆ ಇಲ್ಲ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಅನುಕೂಲ ಮಾಡುವಂತೆ ರಾಜ್ಯಗಳಿಗೆ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಸಾಧ್ಯವಾದಷ್ಟು ಮಗುವಿನ ಮಾತೃಭಾಷೆಯಲ್ಲೇ ಕಲಿಸಿ ಎನ್ನುತ್ತದೆ. ಒಡಿಶಾ 2006ರಲ್ಲೇ ಹತ್ತು ಆದಿವಾಸಿ ಭಾಷೆಗಳಲ್ಲಿ ಪ್ರಾಥಮಿಕ ಪಾಠ ಶುರುಮಾಡಿ ಮುಂದೆ 21 ಭಾಷೆಗಳಿಗೆ ವಿಸ್ತರಿಸಿತು. ತಂತ್ರಜ್ಞಾನವೂ ದೂರವಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಯಾರು ಬೇಕಾದರೂ ತಮ್ಮ ಭಾಷೆಯಲ್ಲಿ ಚಿತ್ರಪುಸ್ತಕ ಮಾಡಿ ಉಚಿತವಾಗಿ ಹಂಚಬಹುದು. ಸೋಲಿಗನುಡಿಗೆ ಹೊಸ ಲಿಪಿಯೂ ಬೇಕಿಲ್ಲ, ಕನ್ನಡ ಲಿಪಿಯಲ್ಲೇ ಬರೆಯಬಹುದು. ಅದೇ ಅಕ್ಷರದಲ್ಲಿ ತನ್ನ ಮಾತನ್ನು ಓದಲು ಕಲಿತ ಮಗು ಶಾಲೆಯ ಕನ್ನಡಕ್ಕೆ ದಾಟುವುದು ವಳ್ಪಿರಿ ಮಗು ಇಂಗ್ಲಿಷಿಗೆ ದಾಟುವುದಕ್ಕಿಂತ ಎಷ್ಟೋ ಸುಲಭ. ಕಥೆಗೆ ಬರವಿದೆಯೇ? ಬಿಳಿಗಿರಿ ರಂಗ ಸೋಲಿಗರ ಕುಸುಮಾಲೆಯನ್ನು ಮದುವೆಯಾಗಿ ಇಡೀ ಕುಲಕ್ಕೆ ಭಾವನಾದ ಕಥೆ ಆ ಬೆಟ್ಟದ ಪ್ರತಿ ಮಗುವಿಗೂ ಗೊತ್ತು. ಅದನ್ನು ಪೋಡಿನ ಅಜ್ಜಿ ಹೇಳಿದಂತೆಯೇ ಮೊದಲ ಪುಸ್ತಕದಲ್ಲಿ ಓದುವ ಅವಕಾಶವೂ ಅದಕ್ಕೆ ಸಿಗಬೇಕು.

ಆಸ್ಟ್ರೇಲಿಯಾದಲ್ಲಿ ಈಗ ಗುರಿಗಳಿಗೇನೂ ಕಡಿಮೆಯಿಲ್ಲ. ವಿಶ್ವಸಂಸ್ಥೆ 2022ರಿಂದ 2032ರವರೆಗಿನ ದಶಕವನ್ನು ಮೂಲನಿವಾಸಿ ಭಾಷೆಗಳಿಗೆ ಮೀಸಲಿಟ್ಟಿದೆ. 2020ರಲ್ಲಿ ಅಲ್ಲಿನ ಎಲ್ಲ ಸರ್ಕಾರಗಳು ಸಹಿ ಹಾಕಿದ ರಾಷ್ಟ್ರೀಯ ಒಪ್ಪಂದದ 16ನೇ ಗುರಿ, 2031ರೊಳಗೆ ಮೂಲನಿವಾಸಿ ಭಾಷೆಗಳ ಸಂಖ್ಯೆಯೂ ಬಲವೂ ಹೆಚ್ಚಬೇಕು ಎನ್ನುತ್ತದೆ. ಸಂಸ್ಥೆಗಳು ಕಳಿಸುವ ಪುಸ್ತಕಗಳೂ ಬೇಕು, ಮನೆಯಲ್ಲಿ ಒಂದೂ ಪುಸ್ತಕವಿಲ್ಲದ ಮಗುವಿಗೆ ಬಣ್ಣದ ಪುಸ್ತಕವೊಂದು ಸಿಕ್ಕರೆ ಅದು ಸಣ್ಣ ವಿಷಯವಲ್ಲ. ಆದರೆ ಗುರಿ ಮತ್ತು ದಾನ ಎರಡೂ ಸೇರಿದರೂ ಒಂದು ಹುದ್ದೆಗೆ ಸಮನಾಗುವುದಿಲ್ಲ. 1973ರ ಪ್ರಯೋಗ ಕೊಟ್ಟದ್ದು ಹುದ್ದೆಗಳನ್ನು: ಊರಿನ ಭಾಷೆಯಲ್ಲಿ ಬರೆಯುವುದಕ್ಕೆ, ಅಚ್ಚು ಹಾಕುವುದಕ್ಕೆ, ಕಲಿಸುವುದಕ್ಕೆ ತಿಂಗಳ ಸಂಬಳ. 2008ರಲ್ಲಿ ಹೋದದ್ದೂ ಅವೇ. ಕರ್ನಾಟಕದಲ್ಲಿ ಕೆಲಸ ಶುರುವಾಗುವುದಾದರೂ ಅಲ್ಲಿಂದಲೇ ಆಗಬೇಕು. ವಾಲ್ಮೀಕಿ ಆಶ್ರಮ ಶಾಲೆಗಳ ಮೊದಲ ಮೂರು ತರಗತಿಗಳಿಗೆ ಜೇನುನುಡಿ ಅಥವಾ ಸೋಲಿಗನುಡಿ ಆಡುವ ಒಬ್ಬೊಬ್ಬರನ್ನು ಶಿಕ್ಷಕರಾಗಿ, ಗೌರವಧನದ ಮೇಲಲ್ಲ, ಕಾಯಂ ಆಗಿ ನೇಮಿಸಲಿ. ಡಿ.ಎಡ್. ಮುಗಿಸಿದವರು ಹಾಡಿಯಲ್ಲಿ ಸಿಗದಿದ್ದರೆ ಬ್ಯಾಚಲರ್ ಕಾಲೇಜು ಮಾಡಿದಂತೆ ತರಬೇತಿಯೇ ಹಾಡಿಗೆ ಹೋಗಲಿ. ಜೊತೆಗೆ ಒಂದು ಕಂಪ್ಯೂಟರ್, ಒಂದು ಮುದ್ರಣ ಯಂತ್ರ, ಕಥೆ ಹೇಳುವ ಹಿರಿಯರಿಗೆ ದಿನಗೂಲಿಗೆ ಕಡಿಮೆಯಿಲ್ಲದ ಸಂಭಾವನೆ. ಇದಕ್ಕೆ ಬೇಕಾದ ಹಣವನ್ನು ಒಂದು ಇಲಾಖೆಯ ಬಜೆಟ್ಟಿನಲ್ಲಿ ಪ್ರತ್ಯೇಕ ಶೀರ್ಷಿಕೆಯಾಗಿ, ಕನಿಷ್ಠ ಹದಿನೈದು ವರ್ಷಕ್ಕೆ ಬರೆದಿಡಬೇಕು.